ಕಚೇರಿ ಇಮೇಲ್‌ಗೆ ಆಥೆಂಟಿಕೇಟರ್ ಆ್ಯಪ್ ಕಡ್ಡಾಯವಾಗಿದೆ: ಸಿಗ್ನಲ್ ಇಲ್ಲದಿದ್ದರೆ, ಫೋನ್ ಕಳೆದರೆ ಏನು ಮಾಡಬೇಕು?

ಶಿರಸಿ_ಕಡತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನ ಒಂದು ಅನುದಾನಿತ ಕಾಲೇಜಿನ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದೇನೆ. ನಮ್ಮ ಕಚೇರಿಯ ಇಮೇಲ್ ಮೈಕ್ರೋಸಾಫ್ಟ್ 365ರಲ್ಲಿದೆ. ಇಷ್ಟು ದಿನ ಪಾಸ್‌ವರ್ಡ್ ಹಾಕಿದ ಮೇಲೆ ಎಸ್ಸೆಮ್ಮೆಸ್‌ನಲ್ಲಿ ಒಟಿಪಿ ಬರುತ್ತಿತ್ತು. ಮುಂದಿನ ತಿಂಗಳಿನಿಂದ ಅದು ನಡೆಯುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಮೊಬೈಲಿನಲ್ಲಿ ಆಥೆಂಟಿಕೇಟರ್ ಆ್ಯಪ್ ಹಾಕಿಕೊಂಡು ಖಾತೆಯನ್ನು ಅದಕ್ಕೆ ಜೋಡಿಸಲೇಬೇಕು ಎಂದು ಆಡಳಿತ ಮಂಡಳಿಯಿಂದ ಸುತ್ತೋಲೆ ಬಂದಿದೆ.

ನನ್ನ ಮನೆಯಿರುವ ಹಳ್ಳಿಯಲ್ಲಿ ಫೈಬರ್ ಇಂಟರ್ನೆಟ್ ಇದೆ, ಆದರೆ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡದ ತಿರುವಿನವರೆಗೆ ನಡೆಯಬೇಕು. ಮಳೆಗಾಲದಲ್ಲಿ ಅಲ್ಲಿಯೂ ಖಾತರಿಯಿಲ್ಲ. ಹೀಗಿರುವಾಗ ಆ್ಯಪ್ ಕೆಲಸ ಮಾಡುತ್ತದೆಯೇ? ಫೋನ್ ಕಳೆದರೆ ಅಥವಾ ನೀರಿಗೆ ಬಿದ್ದರೆ ಖಾತೆಯೊಳಗೆ ಹೋಗುವುದು ಹೇಗೆ? ಫೋನ್ ನನ್ನ ಸ್ವಂತದ್ದು, ಆದ್ದರಿಂದ ಅದರೊಳಗಿನ ಫೋಟೋ ಮತ್ತು ಸಂದೇಶಗಳನ್ನು ಆಡಳಿತ ಮಂಡಳಿಯವರು ನೋಡಲು ದಾರಿಯಾಗುವುದೇ ಎಂಬ ಅನುಮಾನವೂ ಇದೆ. ಎಲ್ಲಕ್ಕಿಂತ ದೊಡ್ಡ ತಲೆನೋವೆಂದರೆ ಪರೀಕ್ಷಾ ವಿಭಾಗದ ಒಂದೇ ಇಮೇಲನ್ನು ನಾವು ನಾಲ್ವರು ಒಂದೇ ಪಾಸ್‌ವರ್ಡಿನಿಂದ ಬಳಸುತ್ತಿದ್ದೇವೆ; ಅದನ್ನು ಯಾರ ಫೋನಿಗೆ ಜೋಡಿಸಬೇಕು? ಇಷ್ಟೆಲ್ಲ ಗೊಂದಲವೇಕೆ, ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು ನಮಗೆ ವಿನಾಯಿತಿ ಕೇಳೋಣ ಎಂದು ಕೆಲವು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಿ.

ಸರ್ವರ್_ಕೋಣೆ

ನಮಸ್ಕಾರ ಸರ್. ಬೆಂಗಳೂರಿನಲ್ಲಿ ಸಿಸ್ಟಂ ಅಡ್ಮಿನ್ ಆಗಿ ಇದೇ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಿಗ್ನಲ್ಲಿನ ವಿಷಯದಲ್ಲಿ ನಿಮ್ಮ ಊರಿಗೆ ಈ ಆ್ಯಪ್ ಎಸ್ಸೆಮ್ಮೆಸ್‌ಗಿಂತ ಹೆಚ್ಚು ಒಗ್ಗುತ್ತದೆ. ನೋಂದಣಿಯ ಹೊತ್ತಿನಲ್ಲಿ ಕಂಪ್ಯೂಟರ್ ಪರದೆಯ ಮೇಲಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀಲಿಯ ಒಂದು ಪ್ರತಿ ನಿಮ್ಮ ಫೋನಿನಲ್ಲಿಯೂ ಇನ್ನೊಂದು ಸರ್ವರಿನಲ್ಲಿಯೂ ಉಳಿಯುತ್ತದೆ. ಆಮೇಲೆ ಎರಡೂ ಕಡೆ ಆ ಕೀಲಿ ಮತ್ತು ಆ ಕ್ಷಣದ ಸಮಯವನ್ನು ಸೇರಿಸಿ ಒಂದೇ ಲೆಕ್ಕ ಮಾಡುವುದರಿಂದ, 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಗಳ ಸಂಖ್ಯೆ ಎರಡೂ ಕಡೆ ಒಂದೇ ಆಗಿರುತ್ತದೆ. 2011ರಲ್ಲಿ ಆರ್‌ಎಫ್‌ಸಿ 6238 ಎಂಬ ಹೆಸರಿನಲ್ಲಿ ಪ್ರಕಟವಾದ ಮುಕ್ತ ವಿಧಾನವಿದು. ಸಂಖ್ಯೆ ಎಲ್ಲಿಂದಲೂ ಬರಬೇಕಾಗಿಲ್ಲ, ಫೋನಿನೊಳಗೇ ಹುಟ್ಟುತ್ತದೆ. ಆದ್ದರಿಂದ ಸಿಮ್, ಡೇಟಾ, ವೈಫೈ ಯಾವುದೂ ಇಲ್ಲದೆಯೂ ಅದು ಸಿಗುತ್ತದೆ. ಫೋನಿನ ಗಡಿಯಾರ ಮಾತ್ರ ಸರಿಯಿರಬೇಕು. ದಿನಾಂಕ ಮತ್ತು ಸಮಯದ ಸೆಟ್ಟಿಂಗನ್ನು ‘ಆಟೋಮ್ಯಾಟಿಕ್’ ಎಂದೇ ಇಟ್ಟುಕೊಳ್ಳಿ. ‘ಕೋಡ್ ತಪ್ಪು’ ಎಂದು ನಮ್ಮಲ್ಲಿಗೆ ಬರುವ ದೂರುಗಳಲ್ಲಿ ಗಡಿಯಾರ ಹಿಂದೆ ಮುಂದೆ ಆಗಿರುವ ಪ್ರಕರಣಗಳು ಕಡಿಮೆಯೇನಲ್ಲ. ಇದೇ ಆ್ಯಪಿನಲ್ಲಿ ‘ಒಪ್ಪಿಗೆ ಕೊಡಿ’ ಎಂಬ ನೋಟಿಫಿಕೇಶನ್ ಬರುವ ಇನ್ನೊಂದು ಬಗೆಯೂ ಇದೆ. ಅದಕ್ಕೆ ಇಂಟರ್ನೆಟ್ ಬೇಕು, ಆದರೆ ನಿಮ್ಮ ಮನೆಯ ವೈಫೈ ಸಾಕಾಗುತ್ತದೆ.

ಫೋನ್ ಕಳೆಯುವ ಪ್ರಶ್ನೆ ನಿಜಕ್ಕೂ ತೂಕದ್ದು, ಮತ್ತು ಅದಕ್ಕೆ ಉತ್ತರವನ್ನು ಫೋನ್ ಕಳೆಯುವ ಮೊದಲೇ ಸಿದ್ಧಪಡಿಸಬೇಕು. ಕೀಲಿ ಫೋನಿನಲ್ಲಿರುವುದರಿಂದ ಹೊಸ ಫೋನಿಗೆ ಹಳೆಯ ಸಿಮ್ ಹಾಕಿದ ಮಾತ್ರಕ್ಕೆ ಅದು ಮರಳಿ ಬರುವುದಿಲ್ಲ. ಮೈಕ್ರೋಸಾಫ್ಟ್ ಆ್ಯಪಿನಲ್ಲಿ ಬ್ಯಾಕಪ್ ಸೌಲಭ್ಯವಿದ್ದರೂ ಕಚೇರಿ ಅಥವಾ ಕಾಲೇಜಿನ ಖಾತೆಯನ್ನು ಹೊಸ ಫೋನಿನಲ್ಲಿ ಸಾಮಾನ್ಯವಾಗಿ ಮತ್ತೆ ನೋಂದಾಯಿಸಬೇಕಾಗುತ್ತದೆ. ಹಾಗೆ ಮಾಡಲು ಮೊದಲು ಖಾತೆಯೊಳಗೆ ಹೋಗಬೇಕು, ಹೋಗಲು ಕೋಡ್ ಬೇಕು ಎಂಬಲ್ಲಿಗೆ ಬಂದು ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಆದ್ದರಿಂದ ಮೊದಲ ದಿನವೇ, ಮನೆಯಲ್ಲಿ ಹಳೆಯ ಸ್ಮಾರ್ಟ್‌ಫೋನ್ ಅಥವಾ ಟ್ಯಾಬ್ ಇದ್ದರೆ ಅದನ್ನೂ ಎರಡನೆಯ ಸಾಧನವಾಗಿ ನೋಂದಾಯಿಸಿ, ಸ್ಕ್ರೀನ್ ಲಾಕ್ ಹಾಕಿ ಬೀರುವಿನಲ್ಲಿಡಿ. ಅದೂ ಇಲ್ಲದಿದ್ದರೆ ನಿಮ್ಮ ಕಾಲೇಜಿನ ಅಡ್ಮಿನ್ ಹಳೆಯ ನೋಂದಣಿಯನ್ನು ಅಳಿಸಿ, ಸ್ವಲ್ಪ ಹೊತ್ತು ಮಾತ್ರ ನಡೆಯುವ ತಾತ್ಕಾಲಿಕ ಪಾಸ್ ಕೊಡಬಲ್ಲರು. ಆ ಅಡ್ಮಿನ್ ಯಾರು, ರಜೆಯ ದಿನ ಅವರು ಸಿಗುತ್ತಾರೆಯೇ ಎಂಬುದನ್ನು ಸುತ್ತೋಲೆಯಲ್ಲಿಯೇ ಬರೆಯಿಸಿಕೊಳ್ಳಿ. ನಿಮ್ಮ ಅರ್ಜಿ ವಿನಾಯಿತಿಗಾಗಿ ಅಲ್ಲ, ಇದಕ್ಕಾಗಿ ಇರಲಿ. ಜೀಮೇಲ್‌ನಂಥ ಸ್ವಂತ ಖಾತೆಗಳಲ್ಲಿ ಈ ಚಿಂತೆ ಕಡಿಮೆ, ಏಕೆಂದರೆ ಅಲ್ಲಿ ತಲಾ ಒಂದು ಸಲ ಮಾತ್ರ ಬಳಸಬಹುದಾದ 10 ಬ್ಯಾಕಪ್ ಕೋಡ್‌ಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಬಹುದು.

ಫೋಟೋಗಳ ಬಗ್ಗೆ: ಆಥೆಂಟಿಕೇಟರ್ ಆ್ಯಪ್ ಕ್ಯಾಮೆರಾ ಅನುಮತಿ ಕೇಳುವುದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು. ಅದರ ಮೂಲಕ ಆಡಳಿತ ಮಂಡಳಿಗೆ ನಿಮ್ಮ ಗ್ಯಾಲರಿ ಕಾಣುವುದಿಲ್ಲ. ಆದರೆ ‘ಈ ಸಾಧನವನ್ನು ಸಂಸ್ಥೆ ನಿರ್ವಹಿಸಲಿ’ ಎಂದು ಬೇರೊಂದು ಆ್ಯಪ್ ಅಥವಾ ಪ್ರೊಫೈಲ್ ಹಾಕಲು ಹೇಳಿದರೆ ಅದು ಬೇರೆಯೇ ವಿಷಯ. ಸ್ವಂತ ಫೋನಿನಲ್ಲಿ ಅದನ್ನು ಒಪ್ಪುವ ಮೊದಲು ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಗಡಿಕಾವಲು

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ವಿನಾಯಿತಿಯ ವಿಚಾರವನ್ನು ಇಷ್ಟು ಮೆತ್ತಗೆ ಬಿಡಬಾರದು. ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿಯ ಎಕ್ಸ್ (ಹಿಂದಿನ ಟ್ವಿಟರ್) ಖಾತೆ 2024ರ ಜನವರಿ 9ರಂದು ಕಳ್ಳರ ಪಾಲಾಯಿತು. ಖಾತೆಗೆ ಜೋಡಿಸಿದ್ದ ಫೋನ್ ಸಂಖ್ಯೆಯನ್ನು ಸಿಮ್ ಬದಲಾವಣೆಯ ಮೋಸದಿಂದ ತಮ್ಮ ವಶಕ್ಕೆ ತೆಗೆದುಕೊಂಡು, ಪಾಸ್‌ವರ್ಡ್ ಬದಲಿಸಿ, ಬಿಟ್‌ಕಾಯಿನ್ ಇಟಿಎಫ್‌ಗಳಿಗೆ (ಷೇರಿನಂತೆ ಕೊಂಡು ಮಾರಬಹುದಾದ ಹೂಡಿಕೆ ನಿಧಿಗಳಿಗೆ) ಒಪ್ಪಿಗೆ ದೊರೆತಿದೆ ಎಂಬ ಸುಳ್ಳು ಪ್ರಕಟಣೆಯನ್ನು ಅವರು ಹಾಕಿದರು. ಲಾಗಿನ್ ಆಗಲು ತೊಡಕಾಗುತ್ತಿದೆ ಎಂದು ಸಿಬ್ಬಂದಿಯೇ ಕೋರಿದ್ದರಿಂದ 2023ರ ಜುಲೈನಲ್ಲಿ ಆ ಖಾತೆಯ ಬಹುಹಂತದ ಪರಿಶೀಲನೆಯನ್ನು, ಅಂದರೆ ಪಾಸ್‌ವರ್ಡಿನ ಜೊತೆ ಇನ್ನೊಂದು ಪುರಾವೆ ಕೇಳುವ ವ್ಯವಸ್ಥೆಯನ್ನು, ತೆಗೆಯಲಾಗಿತ್ತು ಮತ್ತು ಅದನ್ನು ಪುನಃ ಹಾಕಿರಲಿಲ್ಲ ಎಂದು ಸಂಸ್ಥೆಯೇ ಆಮೇಲೆ ತಿಳಿಸಿತು. ಅಂಕಪಟ್ಟಿ ಮತ್ತು ಪ್ರವೇಶಪತ್ರಗಳು ಓಡಾಡುವ ಇಮೇಲಿಗೆ ವಿನಾಯಿತಿ ಕೇಳುವವರು ಇದನ್ನೊಮ್ಮೆ ಯೋಚಿಸಲಿ.

ಇನ್ನೊಂದು ಮಾತು. ಆ್ಯಪ್ ಹಾಕಿದ ಮೇಲೆ ಎಲ್ಲ ಮುಗಿಯಿತೆಂದು ತಿಳಿಯಬೇಡಿ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯೊಳಗೆ ನುಗ್ಗಿದವನ ಬಳಿ ಒಬ್ಬ ಗುತ್ತಿಗೆ ನೌಕರನ ಪಾಸ್‌ವರ್ಡ್ ಮಾತ್ರ ಇತ್ತು. ಅವನು ಮತ್ತೆ ಮತ್ತೆ ಲಾಗಿನ್ ಪ್ರಯತ್ನ ಮಾಡಿದಾಗಲೆಲ್ಲ ಆ ನೌಕರನ ಫೋನಿಗೆ ಒಪ್ಪಿಗೆಯ ಕೋರಿಕೆ ಬರುತ್ತಿತ್ತು, ಕೊನೆಗೆ ಒಂದಕ್ಕೆ ನೌಕರ ಒಪ್ಪಿಗೆ ಒತ್ತಿಬಿಟ್ಟ. ಇಂಥದ್ದನ್ನು ತಡೆಯಲೆಂದೇ ಮೈಕ್ರೋಸಾಫ್ಟ್ 2023ರ ಮೇ ತಿಂಗಳಿನಿಂದ, ಲಾಗಿನ್ ಪರದೆಯಲ್ಲಿ ಕಾಣುವ ಸಂಖ್ಯೆಯನ್ನು ಫೋನಿನಲ್ಲಿ ಟೈಪ್ ಮಾಡಿದರೆ ಮಾತ್ರ ಒಪ್ಪಿಗೆ ಸಲ್ಲುವಂತೆ ಕಡ್ಡಾಯ ಮಾಡಿತು. ನೀವು ಲಾಗಿನ್ ಮಾಡದಿರುವಾಗ ಕೋರಿಕೆ ಬಂದರೆ ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕಿದೆ ಎಂದೇ ಅರ್ಥ ಮಾಡಿಕೊಂಡು, ತಿರಸ್ಕರಿಸಿ, ಕೂಡಲೇ ಪಾಸ್‌ವರ್ಡ್ ಬದಲಿಸಿ. 6 ಅಂಕಿಯ ಕೋಡಿಗೂ ಇದೇ ಮಿತಿಯಿದೆ: ನಕಲಿ ಲಾಗಿನ್ ಪುಟದಲ್ಲಿ ನೀವೇ ಅದನ್ನು ತುಂಬಿಸಿದರೆ, ಅವಧಿ ಮುಗಿಯುವುದರೊಳಗೆ ಮೋಸಗಾರ ಅದನ್ನು ನಿಜವಾದ ಪುಟದಲ್ಲಿ ಬಳಸಿಬಿಡಬಹುದು. ಪಾಸ್‌ಕೀ (ಪಾಸ್‌ವರ್ಡಿನ ಬದಲು ಫೋನ್ ಅಥವಾ ಕಂಪ್ಯೂಟರಿನಲ್ಲಿ ಉಳಿಯುವ ಡಿಜಿಟಲ್ ಕೀಲಿ) ಅಥವಾ ಯುಎಸ್‌ಬಿ ಭದ್ರತಾ ಕೀ ಬಳಸಿದರೆ ಈ ಭಯವಿಲ್ಲ, ಏಕೆಂದರೆ ಅವು ನಿಜವಾದ ಜಾಲತಾಣದ ವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತವೆ. ಕಾಲೇಜಿನ ಕಚೇರಿಗಳು ಅಲ್ಲಿಗೆ ತಲುಪಲು ಇನ್ನೂ ಕಾಲ ಬೇಕಾದೀತು.

ಶಿರಸಿ_ಕಡತ

ಇಬ್ಬರಿಗೂ ಧನ್ಯವಾದಗಳು. ಸಿಗ್ನಲ್ಲಿನ ಚಿಂತೆ ದೂರವಾಯಿತು. ಪರೀಕ್ಷಾ ವಿಭಾಗದ ಇಮೇಲಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಒಂದೇ ಕ್ಯೂಆರ್ ಕೋಡನ್ನು ನಾಲ್ವರೂ ಸ್ಕ್ಯಾನ್ ಮಾಡಿಕೊಂಡರೆ ಆಗುತ್ತದೆ ಎಂದು ನಮ್ಮ ಕಂಪ್ಯೂಟರ್ ಆಪರೇಟರ್ ಹೇಳುತ್ತಾರೆ.

ಸರ್ವರ್_ಕೋಣೆ

ಆರ್‌ಎಫ್‌ಸಿ ಪ್ರಕಾರದ ಸಾಮಾನ್ಯ ಕೋಡಾದರೆ ಹಾಗೆ ಮಾಡಲು ಬರುತ್ತದೆ, ಆದರೆ ಮಾಡಬೇಡಿ. ನಾಲ್ವರಲ್ಲಿ ಒಬ್ಬರು ವರ್ಗಾವಣೆಯಾದರೂ ನಿವೃತ್ತರಾದರೂ ಕೀಲಿ ಅವರ ಫೋನಿನಲ್ಲಿಯೇ ಉಳಿಯುತ್ತದೆ, ಯಾವ ಇಮೇಲನ್ನು ಯಾರು ಕಳುಹಿಸಿದರು ಎಂಬುದಕ್ಕೂ ದಾಖಲೆ ಇರುವುದಿಲ್ಲ. ಅಡ್ಮಿನ್ ಅವರಿಗೆ ಹೇಳಿ ಪರೀಕ್ಷಾ ವಿಭಾಗದ ಖಾತೆಯನ್ನು ‘ಶೇರ್ಡ್ ಮೇಲ್‌ಬಾಕ್ಸ್’ ಆಗಿ ಬದಲಿಸಿಕೊಳ್ಳಿ. ಆಗ ಅದಕ್ಕೆ ನೇರವಾಗಿ ಲಾಗಿನ್ ಮಾಡುವ ಅಗತ್ಯವೇ ಇರುವುದಿಲ್ಲ. ನಾಲ್ವರೂ ತಮ್ಮ ತಮ್ಮ ಖಾತೆಯಿಂದ, ತಮ್ಮ ತಮ್ಮ ಆ್ಯಪಿನ ಮೂಲಕ ಒಳಗೆ ಹೋಗಿ ಅಲ್ಲಿನ ಪತ್ರಗಳನ್ನು ಓದಿ ಅದೇ ವಿಳಾಸದಿಂದ ಉತ್ತರಿಸಬಹುದು. ಸಾಮಾನ್ಯವಾಗಿ 50 ಜಿಬಿವರೆಗೆ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಕೂಡ ಬೇಕಾಗಿಲ್ಲ, ಆದ್ದರಿಂದ ಖರ್ಚಿನ ನೆಪವನ್ನು ಯಾರೂ ಹೇಳುವಂತಿಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ

ವಿಷಯಕ್ಕೆ ಸಂಬಂಧಿಸಿದ್ದೇ ಆದ್ದರಿಂದ ಸೇರಿಸುತ್ತಿದ್ದೇನೆ. ಜರ್ಮನಿಯಲ್ಲಿರುವ ನಾನು ನನ್ನ ಇಮೇಲ್ ಮತ್ತಿತರ ಖಾತೆಗಳನ್ನೆಲ್ಲ ಆಥೆಂಟಿಕೇಟರಿಗೆ ಬದಲಿಸಿಕೊಂಡಿದ್ದೇನೆ, ಆದರೆ ಊರಿನ ಬ್ಯಾಂಕ್ ಖಾತೆಯ ಒಟಿಪಿಗಾಗಿ ಭಾರತದ ಸಿಮ್ಮಿಗೆ ರೀಚಾರ್ಜ್ ಮಾಡಿಸುತ್ತಲೇ ಇದ್ದೇನೆ. ಡಿಜಿಟಲ್ ಪಾವತಿಯ ದೃಢೀಕರಣದ ಬಗ್ಗೆ ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ನಿರ್ದೇಶನಗಳು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂಥವು. ಅವು ಎಸ್ಸೆಮ್ಮೆಸ್ ಒಟಿಪಿಯನ್ನು ನಿಷೇಧಿಸಿಲ್ಲ, ಬೇರೆ ವಿಧಾನಗಳಿಗೂ ದಾರಿ ತೆರೆದಿವೆ. ಆದ್ದರಿಂದ ಆ್ಯಪ್ ಹಾಕಿಕೊಂಡೆವೆಂದು ಯಾರೂ ಹಳೆಯ ಸಿಮ್ಮನ್ನು ನಿಲ್ಲಿಸಿಬಿಡಬೇಡಿ. ನಿಮ್ಮ ಬ್ಯಾಂಕ್ ಯಾವ ವಿಧಾನವನ್ನು ಒಪ್ಪುತ್ತದೆ ಎಂದು ಕೇಳಿ ತಿಳಿದ ಮೇಲೆ ನಿರ್ಧರಿಸಿ.

ಸರ್ವರ್_ಕೋಣೆ

ಶಿರಸಿಯವರಿಗೆ ಮರೆತಿದ್ದ ಒಂದು ವಿಷಯ: ಆ್ಯಪ್ ಸ್ಟೋರಿನಲ್ಲಿ ‘ಆಥೆಂಟಿಕೇಟರ್’ ಎಂದು ಹುಡುಕಿದರೆ ಒಂದೇ ರೀತಿಯ ಚಿಹ್ನೆಯ ಹಲವು ಆ್ಯಪ್‌ಗಳು ಕಾಣುತ್ತವೆ, ಕೆಲವು ತಿಂಗಳ ಚಂದಾ ಕೇಳುತ್ತವೆ. ತಯಾರಕರ ಹೆಸರು ಮೈಕ್ರೋಸಾಫ್ಟ್ ಕಾರ್ಪೊರೇಶನ್ ಎಂದಿರುವುದನ್ನು ನೋಡಿಕೊಂಡೇ ಹಾಕಿಕೊಳ್ಳಿ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಫೋನ್ ಬದಲಿಸುವಾಗ ಹೊಸದರಲ್ಲಿ ನೋಂದಣಿ ಮುಗಿದು ಒಮ್ಮೆ ಲಾಗಿನ್ ಆಗುವವರೆಗೆ ಹಳೆಯ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ, ಮಕ್ಕಳ ಕೈಗೂ ಕೊಡಬೇಡಿ.