ಒಂದೇ ಹೊಳೆ, ಎರಡು ಪತ್ರಿಕೆ: ಯಾವುದನ್ನು ನಂಬುವುದು?

ಯಡೂರಿನವ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನನ್ನ ಊರು ಚಿಕ್ಕೋಡಿ ಕಡೆಯ ಯಡೂರ, ಕೃಷ್ಣಾ ದಂಡೆ. ಡೊಂಬಿವಲಿಗೆ ಬಂದು 19 ವರ್ಷ ಆಯಿತು. ಮಳೆಗಾಲ ಬಂತೆಂದರೆ ನನಗೆ ನಿದ್ದೆ ಇಲ್ಲ. ಊರಲ್ಲಿ ಅವ್ವ, ತಮ್ಮ, ನಾಲ್ಕು ಎಮ್ಮೆ. ಕಲ್ಲೋಳ-ಯಡೂರ ಸೇತುವೆ ಮುಳುಗಿತು ಅಂತ ಓದಿದ ಕೂಡಲೇ ಫೋನ್ ಹಚ್ಚುತ್ತೇನೆ.

ಬೆಳಿಗ್ಗೆ ಲೋಕಲ್‌ನಲ್ಲಿ ಕನ್ನಡ ಪತ್ರಿಕೆ ಓದುತ್ತೇನೆ. ಆಫೀಸಿನಲ್ಲಿ ಮರಾಠಿ ಪತ್ರಿಕೆ ಇರುತ್ತದೆ. ಮೊನ್ನೆ ಕನ್ನಡದಲ್ಲಿ, ಮಹಾರಾಷ್ಟ್ರ ನೀರು ಬಿಟ್ಟಿದೆ, ನಮ್ಮ ಹಳ್ಳಿಗಳಿಗೆ ಆತಂಕ ಅಂತ ಇತ್ತು. ಅದೇ ದಿನ ಮರಾಠಿಯಲ್ಲಿ, ಕೆಳಗೆ ಕರ್ನಾಟಕದ ಆಲಮಟ್ಟಿ ಅಣೆಕಟ್ಟೆಯಿಂದ ಸಾಕಷ್ಟು ನೀರು ಬಿಡುತ್ತಿಲ್ಲ, ಹಿನ್ನೀರಿನಿಂದ ಮೇಲಿನ ಸಾಂಗ್ಲಿ-ಕೊಲ್ಹಾಪುರಕ್ಕೆ ಆತಂಕ ಅಂತ ಇತ್ತು.

ಪಕ್ಕದ ಟೇಬಲ್ಲಿನ ಗೆಳೆಯ ಕೊಲ್ಹಾಪುರ ಜಿಲ್ಲೆಯ ಶಿರೋಳದವನು. "ನಿಮ್ಮ ಆಲಮಟ್ಟಿಯಿಂದ ನಮ್ಮ ಮನೆ ಮುಳುಗುತ್ತದೆ" ಅಂದ. ಸಂಜೆ ತಮ್ಮ ಫೋನಿನಲ್ಲಿ, "ಅಣ್ಣಾ, ನಿಮ್ಮ ಮಹಾರಾಷ್ಟ್ರದವರು ನೀರು ಬಿಟ್ಟಾರ" ಅಂದ. ಇಬ್ಬರ ಬಾಯಲ್ಲೂ 'ನಿಮ್ಮ'. ಶಿರೋಳ ದಾಟಿದ ನೀರೇ ಅಲ್ವಾ ಯಡೂರಿಗೆ ಬರುವುದು? ಎರಡೂ ಭಾಷೆಯಲ್ಲಿ ಓದುವವರು ನಿಜ ಏನೆಂದು ಹೇಗೆ ತಿಳಿದುಕೊಳ್ಳುತ್ತೀರಿ?

ಸಾಂಗ್ಲಿಯಲ್ಲಿ ಓದಿದವಳು, ಠಾಣೆ

ಅಣ್ಣ, ತಲೆಬರಹ ಬಿಡಿ, ಅಂಕಿ ಹಿಡಿಯಿರಿ. ಮರಾಠಿ ಸುದ್ದಿಯಲ್ಲಿ 'ವಿಸರ್ಗ' ಅಂದರೆ ಅಣೆಕಟ್ಟೆಯಿಂದ ಬಿಟ್ಟ ನೀರು, ನಮ್ಮ ಹೊರಹರಿವು. 'ಫುಗವಟಾ' ಅಂದರೆ ಹಿನ್ನೀರು. ಮೊದಲ ವರ್ಷ ನಾನು ವಿಸರ್ಗ ಅಂದರೆ ಅಕ್ಷರದ ಪಕ್ಕದ ಎರಡು ಸೊನ್ನೆ ಅಂದುಕೊಂಡು ತಬ್ಬಿಬ್ಬಾಗಿದ್ದೆ.

ನಿಮಗೆ ಬೇಕಾದದ್ದು ನಾಲ್ಕು ಜಾಗದ ಅಂಕಿ. ಮೇಲೆ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯ ಹೊರಹರಿವು. ಸಾಂಗ್ಲಿಯ ಆಯರ್ವಿನ್ ಸೇತುವೆಯ ಮಟ್ಟ, ಅಲ್ಲಿ 40 ಅಡಿ ಎಚ್ಚರಿಕೆ, 45 ಅಡಿ ಅಪಾಯ. ಆಮೇಲೆ ಗಡಿ ಹತ್ತಿರದ ರಾಜಾಪುರ ಬ್ಯಾರೇಜಿನಿಂದ ಹರಿಯುವ ನೀರು. ಕೊನೆಗೆ ಆಲಮಟ್ಟಿಯ ಒಳಹರಿವು, ಹೊರಹರಿವು. ಮೇಲಿನ ಎರಡು ಮರಾಠಿಯಲ್ಲಿ ಸಿಗುತ್ತವೆ, ಕೆಳಗಿನ ಎರಡು ಕನ್ನಡದಲ್ಲಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು; 1 ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ದಿನವಿಡೀ ಸುಮಾರು 11,574 ಕ್ಯೂಸೆಕ್ ಹರಿದಷ್ಟು ನೀರು. ಇಷ್ಟು ಗೊತ್ತಿದ್ದರೆ ಲಕ್ಷದ ಅಂಕಿ ನೋಡಿ ಸುಮ್ನೆ ಗಾಬರಿ ಆಗಬೇಕಿಲ್ಲ. ಅಣೆಕಟ್ಟೆಯ ಕೆಳಗೆ ಬಿದ್ದ ಮಳೆಯೂ ಹೊಳೆಗೇ ಬರುತ್ತದೆ, ಅದಕ್ಕೆ ಯಾವ ಗೇಟೂ ಇಲ್ಲ. ಇದನ್ನು ಎರಡೂ ಕಡೆಯವರು ಬರೆಯುವುದು ಕಡಿಮೆ.

ಹಳೆಯ ಡೆಸ್ಕಿನವ, ಮಾಟುಂಗಾ

ತಮ್ಮಾ, ಮುಂಬೈಯಲ್ಲೇ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಸುಳ್ಳು ಬರೆಯಬೇಕು ಅಂತ ಯಾರೂ ಕೂರುವುದಿಲ್ಲ. ಚಿಕ್ಕೋಡಿ ಕಡೆಯ ವರದಿಗಾರ ತಾಲೂಕು ಕಚೇರಿಗೆ ಹೋಗುತ್ತಾನೆ. ರಾಜಾಪುರದಿಂದ ಇಷ್ಟು, ಉಪನದಿ ದೂಧಗಂಗಾದಿಂದ ಇಷ್ಟು ಅಂತ ಬರೆದುಕೊಂಡು ಕಳಿಸುತ್ತಾನೆ. ಸಾಂಗ್ಲಿಯಲ್ಲಿ ಎಷ್ಟು ಮನೆ ಮುಳುಗಿವೆ ಅಂತ ಅವನು ಕೇಳುವುದಿಲ್ಲ, ಅವನ ಪುಟ ಅಲ್ಲಿಗೆ ಹೋಗುವುದೇ ಇಲ್ಲವಲ್ಲ. ಸಾಂಗ್ಲಿಯ ವರದಿಗಾರನೂ ಯಡೂರಿಗೆ ಫೋನ್ ಮಾಡುವುದಿಲ್ಲ. ಅರ್ಧ ಹೊಳೆ ಇವನದು, ಅರ್ಧ ಅವನದು. ತಲೆಬರಹ ಕೊಡುವ ನಾವು ಓದುಗ ಯಾವ ದಂಡೆಯವನು ಅಂತ ನೋಡಿ ಕೊಟ್ಟೆವು. ಅದು ತಪ್ಪು. ನಾನೂ ಮಾಡಿದ್ದೇನೆ, ಇವತ್ತಿಗೂ ಬೇಜಾರಿದೆ.

2019ರ ಆಗಸ್ಟ್‌ನಲ್ಲಿ ಸಾಂಗ್ಲಿಯಲ್ಲಿ ಮಟ್ಟ 57 ಅಡಿ ದಾಟಿತ್ತು. ಅದೇ ಹೊತ್ತಿಗೆ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗಿಂತ ಜಾಸ್ತಿ ಹೊರಗೆ ಹೋಗುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರು ಎಷ್ಟು ಜನ? ಆಮೇಲೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ, ಆ ಮಹಾಪೂರಕ್ಕೆ ಆಲಮಟ್ಟಿ ಕಾರಣ ಅಲ್ಲ ಅಂತ ಹೇಳಿತು.

ದಾದರ್ ಓದುಗ

ಸರ್, ಸಮಿತಿ ಹೇಳಿದ್ದು ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಎತ್ತರ ಈಗಿನ 519.60 ಮೀಟರ್ ಇದ್ದಾಗಿನ ಮಾತು. 2010ರಲ್ಲಿ ರಾಜ್ಯಗಳ ನಡುವೆ ಕೃಷ್ಣಾ ನೀರು ಹಂಚುವ ಎರಡನೇ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿದೆ. ಅಷ್ಟಕ್ಕೆ ಏರಿಸಿದರೆ ಏನಾಗುತ್ತದೆ ಎಂಬ ಭಯ ಶಿರೋಳದವರಿಗೆ ಇದ್ದೇ ಇರುತ್ತದೆ. ಅದನ್ನು ಬರೀ ರಾಜಕೀಯ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಕಡೆ ಹೊಲಕ್ಕೆ ನೀರು ಬೇಕು ಅನ್ನುವುದೂ ಅಷ್ಟೇ ನಿಜ.

ಯಡೂರಿನವ, ಡೊಂಬಿವಲಿ

ಅಕ್ಕ, ಸರ್, ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಶಿರೋಳದ ಗೆಳೆಯನ ಜೊತೆ ಎರಡೂ ಪತ್ರಿಕೆ ಹರಡಿಕೊಂಡು ಕೂತೆ. ಅವನು ಸಾಂಗ್ಲಿಯ ಅಂಕಿ ಓದಿದ, ನಾನು ಆಲಮಟ್ಟಿಯದು ಓದಿ ಮರಾಠಿಯಲ್ಲಿ ಹೇಳಿದೆ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದುಕೊಂಡೆವು. ಅವನ ಅಮ್ಮ ಊರಲ್ಲಿ ಒಬ್ಬರೇ ಇದ್ದಾರೆ, ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.

ಸಾಂಗ್ಲಿಯಲ್ಲಿ ನೀರು ಏರುತ್ತಿದೆ ಅಂತ ತಮ್ಮನಿಗೆ ಹೇಳಿದೆ. ಎಮ್ಮೆಗಳನ್ನು ಮಾವನ ಊರಿಗೆ ಹೊಡೆದುಕೊಂಡು ಹೋಗಿದ್ದಾನೆ. ಅವ್ವ ಮಾತ್ರ ಮನೆ ಬಿಡಲು ಒಪ್ಪುತ್ತಿಲ್ಲ. ಸಂಜೆಯ ರಾಜಾಪುರದ ಅಂಕಿ ಯಾರಿಗಾದರೂ ಸಿಕ್ಕರೆ ದಯವಿಟ್ಟು ಇಲ್ಲಿ ಹಾಕಿ. ರಾತ್ರಿ ಎಷ್ಟು ಹೊತ್ತಾದರೂ ನೋಡುತ್ತಿರುತ್ತೇನೆ.