ಪಳೆಯುಳಿಕೆ ಕುರಿತ ಸಂಶೋಧನಾ ಪ್ರಬಂಧಗಳು ಉಚಿತವಾಗಿ ಎಲ್ಲಿ ಸಿಗುತ್ತವೆ? ಗುಂಪಿನಲ್ಲಿ ಹಂಚಬಹುದಾ?

ಕೇಳಿದವರು: ಕಲ್ಲುಶಂಖ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯ ನಾವು ನಲವತ್ತು ಜನ ಸೇರಿ ಪಳೆಯುಳಿಕೆ ಬಗ್ಗೆ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಹೈಸ್ಕೂಲ್ ಮೇಷ್ಟ್ರುಗಳಿದ್ದಾರೆ, ಬಿಎಸ್‌ಸಿ ಓದುವ ಹುಡುಗ ಹುಡುಗಿಯರಿದ್ದಾರೆ, ರಿಟೈರ್ ಆದವರೂ ಇದ್ದಾರೆ. ಯಾರೂ ಭೂವಿಜ್ಞಾನ ಕಲಿತವರಲ್ಲ. ಕಳೆದ ಚಳಿಗಾಲದಲ್ಲಿ ತಮಿಳುನಾಡಿನ ಅರಿಯಲೂರು, ಪೆರಂಬಲೂರು ಕಡೆ ಹೋಗಿ ಬಂದೆವು. ಸಾತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರ ಮಲಗಿದೆಯಲ್ಲ, ಅದರ ಮುಂದೆ ನಿಂತಾಗ ಯಾರಿಗೂ ಮಾತೇ ಹೊರಡಲಿಲ್ಲ.

ಈಗ ಸಮಸ್ಯೆ ಏನೆಂದರೆ, ಗುಂಪಿನಲ್ಲಿ ಬರುವುದೆಲ್ಲ ಪೇಪರ್ ಸುದ್ದಿ, ಇಲ್ಲಾ ಯೂಟ್ಯೂಬ್ ವಿಡಿಯೊ. 2024ರಲ್ಲಿ ಕಛ್‌ನಲ್ಲಿ ಸಿಕ್ಕ ವಾಸುಕಿ ಅನ್ನುವ ದೈತ್ಯ ಹಾವಿನ ಪಳೆಯುಳಿಕೆಯ ಸುದ್ದಿ ಬಂತು. ಒಬ್ಬರು 11 ಮೀಟರ್ ಅಂದರು, ಇನ್ನೊಬ್ಬರು 15 ಅಂದರು, ಎರಡು ದಿನ ವಾದ ನಡೆಯಿತು. ಮೂಲ ಪ್ರಬಂಧವನ್ನು ನಮ್ಮಲ್ಲಿ ಒಬ್ಬರೂ ಓದಿರಲಿಲ್ಲ. ನನಗೆ ಅದು ತುಂಬಾ ಬೇಜಾರಾಯಿತು. ಆಮೇಲೆ ಅಮೋನೈಟ್ (ಸುರುಳಿ ಚಿಪ್ಪಿನ, ಈಗ ಅಳಿದುಹೋದ ಸಮುದ್ರಜೀವಿ) ಬಗ್ಗೆ ಒಂದು ಪ್ರಬಂಧ ಹುಡುಕಿದೆ, 35 ಡಾಲರ್ ಕೊಡಿ ಅಂತ ಬಂತು. ಅಲ್ಲಿಗೆ ಬಿಟ್ಟೆ.

ಉಚಿತವಾಗಿ, ಕಾನೂನು ಮೀರದೆ ಸಿಗುವಂಥವು ಎಲ್ಲಿವೆ? ಸಿಕ್ಕಿದ ಪಿಡಿಎಫ್ ಅನ್ನು ನಮ್ಮ ಗುಂಪಿನ ಡ್ರೈವ್‌ನಲ್ಲಿ ಹಾಕಿ ಎಲ್ಲರಿಗೂ ಕೊಡಬಹುದಾ? ಕನ್ನಡಕ್ಕೆ ಮಾಡಿ ಹಂಚಬಹುದಾ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಸುಣ್ಣದಕಲ್ಲು

ವಾಸುಕಿಯಿಂದಲೇ ಶುರು ಮಾಡೋಣ, ಯಾಕೆಂದರೆ ಆ ಪ್ರಬಂಧ ಮೊದಲಿನಿಂದಲೂ ಉಚಿತವಾಗಿಯೇ ಇದೆ. ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಬಂದದ್ದು, ಬರೆದವರು ಐಐಟಿ ರೂರ್ಕಿಯ ದೇಬಜಿತ್ ದತ್ತ ಮತ್ತು ಸುನಿಲ್ ಬಾಜಪೇಯಿ. ಪಾನಂಧ್ರೊ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದ್ದು ಬೆನ್ನೆಲುಬಿನ 27 ಮಣಿಗಳು ಮಾತ್ರ. ತಲೆಬುರುಡೆ ಸಿಕ್ಕಿಲ್ಲ. ಆ ಮಣಿಗಳ ಅಗಲ ಅಳೆದು, ಎರಡು ಬೇರೆ ಲೆಕ್ಕ ಹಾಕಿ ಉದ್ದ ಅಂದಾಜು ಮಾಡಿದ್ದಾರೆ. ಒಂದು ಲೆಕ್ಕದಲ್ಲಿ 10.9ರಿಂದ 12.2 ಮೀಟರ್ ಬರುತ್ತದೆ, ಇನ್ನೊಂದರಲ್ಲಿ 14.5ರಿಂದ 15.2. ಅಂದರೆ ನಿಮ್ಮ ಗುಂಪಿನಲ್ಲಿ ವಾದ ಮಾಡಿದ ಇಬ್ಬರ ಅಂಕಿಯೂ ಅದೇ ಪ್ರಬಂಧದಲ್ಲಿದೆ! ಕೆಲವು ಸುದ್ದಿಯವರು ಒಂದೇ ಅಂಕಿ ಎತ್ತಿಕೊಂಡರು, ಅಷ್ಟೇ.

ಇನ್ನು ಎಲ್ಲಿ ಹುಡುಕುವುದು ಅಂದರೆ, ಪ್ಲಾಸ್ ಒನ್, ಪೀರ್‌ಜೆ, ಪೇಲಿಯಂಟಾಲಜಿಯಾ ಎಲೆಕ್ಟ್ರಾನಿಕಾ, ಪೋಲೆಂಡಿನ ಆಕ್ಟಾ ಪೇಲಿಯಂಟಾಲಾಜಿಕಾ ಪೊಲೊನಿಕಾ, ಇವುಗಳನ್ನು ದುಡ್ಡಿಲ್ಲದೆ ಓದಬಹುದು. ನಮ್ಮ ಬೆಂಗಳೂರಿನಿಂದಲೇ ಬರುವ ಕರೆಂಟ್ ಸೈನ್ಸ್ ಇದೆ, 1932ರಿಂದ ನಡೆಯುತ್ತಿದೆ, ಹಳೆಯ ಸಂಚಿಕೆಗಳು ಆನ್‌ಲೈನ್‌ನಲ್ಲಿ ತೆರೆದಿವೆ. ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಜಾಲತಾಣವನ್ನೂ ಒಮ್ಮೆ ನೋಡಿ.

ದುಡ್ಡು ಕೇಳುವ ಪುಟ ಬಂದರೆ ಅಲ್ಲಿಗೆ ಬಿಡಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಅದೇ ಶೀರ್ಷಿಕೆ ಹಾಕಿ, ಕೆಳಗೆ ಎಲ್ಲ ಆವೃತ್ತಿಗಳು ಅಂತ ಇರುತ್ತದೆ, ಅದನ್ನು ಒತ್ತಿ. ಎಷ್ಟೋ ಸಲ ಲೇಖಕರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಹಾಕಿರುತ್ತಾರೆ. ಅನ್‌ಪೇವಾಲ್ ಅಂತ ಬ್ರೌಸರ್‌ಗೆ ಸೇರಿಸಿಕೊಳ್ಳುವ ಒಂದು ಸಾಧನ ಇದೆ, ಎಲ್ಲಾದರೂ ಕಾನೂನುಬದ್ಧ ಉಚಿತ ಪ್ರತಿ ಇದ್ದರೆ ಹಸಿರು ಗುರುತು ತೋರಿಸುತ್ತದೆ. ಅದೂ ಆಗಲಿಲ್ಲ ಅಂದರೆ ಲೇಖಕರಿಗೇ ಇಮೇಲ್ ಬರೆಯಿರಿ. ವಿಳಾಸ ಪ್ರಬಂಧದ ಮೊದಲ ಪುಟದಲ್ಲೇ ಇರುತ್ತದೆ. ನಾನು ಹೀಗೆ ಹತ್ತಾರು ಜನರಿಗೆ ಬರೆದಿದ್ದೇನೆ. ಮೂರು ಸಾಲು ಸಾಕು: ನಾನು ಇಂಥವನು, ಹವ್ಯಾಸಕ್ಕೆ ಓದುತ್ತೇನೆ, ನಿಮ್ಮ ಇಂಥ ಪ್ರಬಂಧ ಕಳಿಸುತ್ತೀರಾ. ಹೆಚ್ಚಿನವರು ಖುಷಿಯಿಂದ ಕಳಿಸುತ್ತಾರೆ, ಕೆಲವರು ಜೊತೆಗೆ ಇನ್ನೆರಡು ಸೇರಿಸಿ ಕಳಿಸುತ್ತಾರೆ.

ನಿಮ್ಮ ಬಿಎಸ್‌ಸಿ ಹುಡುಗರು ಸರ್ಕಾರಿ ಕಾಲೇಜಿನವರಾ? ಹಾಗಿದ್ದರೆ ಲೈಬ್ರರಿಯಲ್ಲಿ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಗ್ಗೆ ಕೇಳಲಿ. 2025ರ ಜನವರಿಯಿಂದ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸಿಗುವ ಹಾಗೆ ಮಾಡಿದ್ದಾರೆ. ಅವರು ಓದಿ ಗುಂಪಿಗೆ ಹೇಳಬಹುದು. ಆದರೆ ಅಲ್ಲಿಂದ ಪಿಡಿಎಫ್ ಇಳಿಸಿ ಹಂಚುವ ಹಾಗಿಲ್ಲ.

ಉತ್ತರ 2: ಓದುಗ_ಹಾಸನ

ಮೇಲಿನವರು ಹೇಳಿದ್ದೆಲ್ಲ ಸರಿ. ಹಂಚುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಉಚಿತವಾಗಿ ಓದಬಹುದು ಅನ್ನುವುದೂ ಹಂಚಬಹುದು ಅನ್ನುವುದೂ ಒಂದೇ ಅಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ.

ಪ್ರಬಂಧದ ಮೊದಲ ಅಥವಾ ಕೊನೆಯ ಪುಟದಲ್ಲಿ ಪರವಾನಗಿ ಬರೆದಿರುತ್ತದೆ. ಸಿಸಿ ಬೈ (ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ) ಅಂತಿದ್ದರೆ ಧಾರಾಳವಾಗಿ ಡ್ರೈವ್‌ಗೆ ಹಾಕಿ, ಚಿತ್ರ ತೆಗೆದು ಬಳಸಿ, ಕನ್ನಡಕ್ಕೆ ಅನುವಾದವನ್ನೂ ಮಾಡಿ. ಲೇಖಕರ ಹೆಸರು, ಪತ್ರಿಕೆಯ ಹೆಸರು, ಕೊಂಡಿ ಇರಬೇಕು, ಏನು ಬದಲಾಯಿಸಿದ್ದೀರಿ ಅಂತ ಹೇಳಿರಬೇಕು. ಅದರ ಮುಂದೆ ಎನ್‌ಸಿ ಅಂತಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಅಂತಿದ್ದರೆ ಇದ್ದದ್ದು ಇದ್ದ ಹಾಗೇ ಹಂಚಬೇಕು. ಅನುವಾದವೂ ಬದಲಾವಣೆಯೇ, ಹಾಗಾಗಿ ಪೂರ್ತಿ ಕನ್ನಡಕ್ಕೆ ಮಾಡಿ ಹಂಚಲು ಅನುಮತಿ ಬೇಕು. ಆದರೆ ಓದಿ, ನಿಮ್ಮ ಮಾತಿನಲ್ಲಿ ಸಾರಾಂಶ ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಪರವಾನಗಿಯೇ ಕಾಣಲಿಲ್ಲ ಅಂದರೆ ಸುಮ್ನೆ ಕೊಂಡಿ ಕಳಿಸಿ, ಫೈಲ್ ಬೇಡ. ಲೇಖಕರು ಇಮೇಲ್‌ನಲ್ಲಿ ಕೊಟ್ಟ ಪ್ರತಿಯೂ ಅಷ್ಟೇ, ಅದು ನಿಮಗೆ ಕೊಟ್ಟದ್ದು.

ಕೊಂಡಿ ಕಳಿಸುವಾಗ ಡಿಒಐ ಸಂಖ್ಯೆಯ (ಪ್ರತಿ ಪ್ರಬಂಧಕ್ಕೂ ಕೊಡುವ ಶಾಶ್ವತ ಗುರುತಿನ ಸಂಖ್ಯೆ) ಕೊಂಡಿ ಕಳಿಸಿ. ಜಾಲತಾಣದ ವಿಳಾಸ ಬದಲಾದರೂ ಅದು ಸರಿಯಾದ ಪುಟಕ್ಕೇ ಕರೆದುಕೊಂಡು ಹೋಗುತ್ತದೆ.

ಮೊದಲು ಓದಲು ಒಂದು ಹೇಳುತ್ತೇನೆ. 2023ರ ಜನವರಿಯಲ್ಲಿ ಪ್ಲಾಸ್ ಒನ್‌ನಲ್ಲಿ ಬಂದ ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪ್ರಬಂಧ. 92 ಗೂಡು, 256 ಮೊಟ್ಟೆ, ಎಲ್ಲ ಟೈಟನೋಸಾರ್ ಅನ್ನುವ ಉದ್ದ ಕತ್ತಿನ ಸಸ್ಯಾಹಾರಿ ಡೈನೋಸಾರ್‌ಗಳದ್ದು. ಪರವಾನಗಿ ಸಿಸಿ ಬೈ. ಫೋಟೊಗಳೇ ಎಷ್ಟೋ ಪಾಠ ಹೇಳುತ್ತವೆ.

ಉತ್ತರ 3: ಕಾರೈ_ಕಣಿವೆ

ಅರಿಯಲೂರು ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ನಾನು ಬೆಂಗಳೂರಿನವನು, ಹದಿನೈದು ವರ್ಷದಿಂದ ಅದೇ ಪ್ರದೇಶದ ಕಾರೈ ಊರಿನ ಕಡೆ ಹೋಗುತ್ತಿದ್ದೇನೆ.

ನಿಮಗೆ ಬೇಕಾದದ್ದು ಹೊಸ ಪ್ರಬಂಧಕ್ಕಿಂತ ಮೊದಲು ಹಳೆಯದು. ಫರ್ಡಿನಾಂಡ್ ಸ್ಟೋಲಿಚ್ಕಾ ಅಂತ ಒಬ್ಬರು ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿದ್ದರು. 1860ರ ದಶಕದಿಂದ 1870ರ ದಶಕದ ಶುರುವಿನವರೆಗೆ ದಕ್ಷಿಣ ಭಾರತದ ಕ್ರಿಟೇಷಿಯಸ್ ಕಾಲದ (ಡೈನೋಸಾರ್‌ಗಳ ಕೊನೆಯ ಕಾಲ) ಜೀವಿಗಳ ಬಗ್ಗೆ ಪೇಲಿಯಂಟಾಲಜಿಯಾ ಇಂಡಿಕಾ ಮಾಲೆಯಲ್ಲಿ ದೊಡ್ಡ ದೊಡ್ಡ ಸಂಪುಟ ಬರೆದರು. ಅಮೋನೈಟ್ ಒಂದರಲ್ಲಿ, ಶಂಖದ ಜಾತಿ ಇನ್ನೊಂದರಲ್ಲಿ, ಕಪ್ಪೆಚಿಪ್ಪಿನ ಜಾತಿ ಮತ್ತೊಂದರಲ್ಲಿ. 1874ರಲ್ಲಿ ಯಾರ್ಕಂದ್ ಯಾತ್ರೆಯಿಂದ ಹಿಂದಿರುಗುವಾಗ ಲಡಾಖ್ ದಾರಿಯಲ್ಲಿ ತೀರಿಕೊಂಡರು, ಸಮಾಧಿ ಲೇಹ್‌ನಲ್ಲಿದೆ. ಈ ಸಂಪುಟಗಳ ಸ್ಕ್ಯಾನ್ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲೂ ಇಂಟರ್ನೆಟ್ ಆರ್ಕೈವ್‌ನಲ್ಲೂ ಸಿಗುತ್ತವೆ. ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲವಾಯಿತು, ನಮ್ಮಲ್ಲಿ ಲೇಖಕರು ಸತ್ತ 60 ವರ್ಷಕ್ಕೆ ಮುಗಿಯುತ್ತದೆ. ಡ್ರೈವ್‌ಗೆ ಹಾಕಿ, ಪ್ರಿಂಟ್ ಹಾಕಿಸಿ ಶಾಲೆಯ ಗೋಡೆಗೂ ಅಂಟಿಸಿ.

ಕೊನೆಯಲ್ಲಿರುವ ಚಿತ್ರಪುಟಗಳನ್ನು ದೊಡ್ಡದು ಮಾಡಿ ನೋಡಿ. ಕಲ್ಲಚ್ಚಿನ ಚಿತ್ರಗಳು. ಒಂದೊಂದು ಅಮೋನೈಟ್ ಅನ್ನು ಪಕ್ಕದಿಂದ ಒಮ್ಮೆ, ಎದುರಿನಿಂದ ಒಮ್ಮೆ ಬಿಡಿಸಿದ್ದಾರೆ. ಚಿಪ್ಪಿನ ಒಳಗೋಡೆ ಹೊರಚಿಪ್ಪನ್ನು ಸೇರುವ ಕಡೆ ಜರಿಗಿಡದ ಎಲೆಯಂಥ ಸುಕ್ಕುಗೆರೆ ಮೂಡಿರುತ್ತದಲ್ಲ, ಅದನ್ನು ಬೇರೆಯಾಗಿ ಬಿಡಿಸಿರುತ್ತಾರೆ. ಕುಲ (ಜೀನಸ್) ಗುರುತಿಸಲು ಆ ಗೆರೆ ತುಂಬಾ ಮುಖ್ಯ. ಮ್ಯೂಸಿಯಂನಲ್ಲಿ ತೆಗೆದ ನನ್ನ ಒಂದು ಫೋಟೊವನ್ನು ಈ ಪುಟದ ಪಕ್ಕ ಇಟ್ಟು ಗೆರೆ ಗೆರೆ ಹೋಲಿಸಿದ ರಾತ್ರಿ ನನಗೆ ಇನ್ನೂ ನೆನಪಿದೆ.

ಒಂದು ಎಚ್ಚರಿಕೆ. ಆಗ ಅವರು ಇಟ್ಟ ಹೆಸರುಗಳಲ್ಲಿ ಜಾಸ್ತಿ ಈಗ ಇಲ್ಲ. ಬಹಳಷ್ಟಕ್ಕೆ ಅಮೋನೈಟಿಸ್ ಅಂತಲೇ ಬರೆದಿದ್ದಾರೆ, ಈಗ ಅವು ಹಲವು ಕುಲಗಳಾಗಿ ಒಡೆದಿವೆ. ಹೆಸರು ಸರಿಪಡಿಸಿಕೊಳ್ಳಲು ಪೇಲಿಯೋಬಯಾಲಜಿ ಡೇಟಾಬೇಸ್‌ನಲ್ಲಿ ಹಳೆಯ ಹೆಸರು ಹಾಕಿ ನೋಡಿ, ಎಷ್ಟೋ ಹೆಸರುಗಳು ಸಿಗುತ್ತವೆ. ಅದೂ ಉಚಿತ.

ಇನ್ನೊಂದು ಮಾತು, ನಮ್ಮವರದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಎಲ್. ರಾಮರಾವ್ ಅವರು ಆಸ್ಟ್ರಿಯಾದ ವಿಜ್ಞಾನಿ ಜೂಲಿಯಸ್ ಪಿಯಾ ಜೊತೆ ಸೇರಿ ಅದೇ ಪ್ರದೇಶದ ನಿನಿಯೂರು ಪದರಗಳ ಪಾಚಿ ಪಳೆಯುಳಿಕೆಗಳ ಬಗ್ಗೆ 1936ರಲ್ಲಿ ಪೇಲಿಯಂಟಾಲಜಿಯಾ ಇಂಡಿಕಾ ಮಾಲೆಯಲ್ಲೇ ಬರೆದಿದ್ದಾರೆ. ಕನ್ನಡದ ಗುಂಪುಗಳಲ್ಲಿ ಅವರ ಹೆಸರೇ ಬರುವುದಿಲ್ಲ, ಅದು ನನಗೆ ನೋವು.

ಉತ್ತರ 4: ಹೆಜ್ಜೆಗುರುತು

ಒಂದೇ ವಿಷಯ ಸೇರಿಸುತ್ತೇನೆ. ಒಂದು ಪ್ರಬಂಧ ಹಂಚಿದರೆ ಅದಕ್ಕೆ ಬಂದ ಉತ್ತರವನ್ನೂ ಹುಡುಕಿ ಹಂಚಿ. 2021ರಲ್ಲಿ ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಅನ್ನುವ ಚಪ್ಪಟೆ ಮೈಯ ಆದಿಜೀವಿಯ ಪಳೆಯುಳಿಕೆ ಸಿಕ್ಕಿದೆ ಅಂತ ಗೊಂಡ್ವಾನಾ ರಿಸರ್ಚ್ ಪತ್ರಿಕೆಯಲ್ಲಿ ಬಂತು. ಸುಮಾರು 55 ಕೋಟಿ ವರ್ಷ ಹಿಂದಿನ ಜೀವಿ ಅಂದರೆ ಕೇಳಬೇಕಾ, ಎಲ್ಲ ಪತ್ರಿಕೆಗಳಲ್ಲೂ ಸುದ್ದಿ. 2023ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ಅವರ ತಂಡ ಅದು ಪಳೆಯುಳಿಕೆ ಅಲ್ಲ, ಉದುರಿಹೋದ ಹೆಜ್ಜೇನು ಗೂಡಿನ ಗುರುತು ಅಂತ ತೋರಿಸಿತು. ಬಂಡೆಯಿಂದ ಅದು ಸಿಪ್ಪೆ ಥರ ಎದ್ದುಬರುತ್ತಿತ್ತು. ಮೊದಲ ಪ್ರಬಂಧ ಬರೆದ ರೆಟಲಾಕ್ ಅವರೂ ತಪ್ಪು ಒಪ್ಪಿಕೊಂಡರು, ಅದು ದೊಡ್ಡ ಗುಣ. ಆದರೆ ಮೊದಲ ಸುದ್ದಿ ಇವತ್ತಿಗೂ ಕನ್ನಡದ ಗುಂಪುಗಳಲ್ಲಿ ಫಾರ್ವರ್ಡ್ ಆಗಿ ಬರುತ್ತಲೇ ಇದೆ.

ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಪ್ರಬಂಧದ ಕೆಳಗೆ ಇದನ್ನು ಯಾರು ಉಲ್ಲೇಖಿಸಿದ್ದಾರೆ ಅಂತ ಇರುತ್ತದೆ. ಹಂಚುವ ಮುಂಚೆ ಅದನ್ನು ಒಂದು ಸಲ ಒತ್ತಿ ನೋಡಿ.

ಮತ್ತೆ ಕಲ್ಲುಶಂಖ

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಸ್ಟೋಲಿಚ್ಕಾ ಸಂಪುಟ ಇಳಿಸಿಕೊಂಡೆ. ಚಿತ್ರಪುಟಗಳನ್ನು ನೋಡುತ್ತಾ ಹನ್ನೆರಡಾಯಿತು. ನಾವು ಅಲ್ಲಿ ನೋಡಿದ ಒಂದು ಕಪ್ಪೆಚಿಪ್ಪು ಕೂಡ ಇದೆ ಅನ್ನಿಸುತ್ತಿದೆ, ಅಂಚಿನ ಹಲ್ಲಿನಂಥ ಗೆರೆ ಹಾಗೇ ಇದೆ.

ಗುಂಪಿನಲ್ಲಿ ಹೀಗೆ ಮಾಡೋಣ ಅಂದುಕೊಂಡಿದ್ದೇವೆ. ವಾರಕ್ಕೆ ಒಂದೇ ಪ್ರಬಂಧ. ಕಳಿಸುವವರು ಡಿಒಐ, ಪರವಾನಗಿ, ಜೊತೆಗೆ ಕನ್ನಡದಲ್ಲಿ ಐದು ಸಾಲು ಬರೆಯಬೇಕು. ಮೊದಲ ವಾರ ಧಾರ್‌ನ ಮೊಟ್ಟೆಗಳು. ಎರಡನೆಯ ವಾರಕ್ಕೆ ಚಿಕ್ಕದು, ಹುಡುಗರಿಗೂ ಹಿಡಿಸುವಂಥದ್ದು ಬೇಕು. ಯಾವುದು ಹೇಳುತ್ತೀರಿ?

ಉತ್ತರ 5: ಓದುಗ_ಹಾಸನ

ಸನಜೆ ಇಂಡಿಕಸ್ ಅನ್ನುವ ಹಾವಿನ ಪಳೆಯುಳಿಕೆಯ ಪ್ರಬಂಧ. 2010, ಪ್ಲಾಸ್ ಬಯಾಲಜಿ, ಸಿಸಿ ಬೈ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಭೂವಿಜ್ಞಾನಿ ಧನಂಜಯ್ ಮೊಹಬೆ 1980ರ ದಶಕದಲ್ಲಿ ಡೈನೋಸಾರ್ ಗೂಡು ತೆಗೆದರು. ಮೂಳೆಗಳೆಲ್ಲ ಮರಿಯದ್ದೇ ಅಂದುಕೊಂಡಿದ್ದರು. 2001ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅದನ್ನು ನೋಡಿದಾಗ ಕೆಲವು ಮಣಿಗಳು ಹಾವಿನವು ಅಂತ ಗೊತ್ತಾಯಿತು. ಮೂರೂವರೆ ಮೀಟರ್ ಹಾವು, ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡಿದೆ, ಪಕ್ಕದಲ್ಲೇ ಅರ್ಧ ಮೀಟರ್ ಉದ್ದದ ಮರಿ. ಮೊದಲು ಬರೀ ಕಲ್ಲಿನ ಫೋಟೊ ಕಳಿಸಿ, ಹಾವು ಎಲ್ಲಿದೆ ಅಂತ ಹುಡುಗರಿಗೇ ಹುಡುಕಲು ಬಿಡಿ. ಮಾರನೇ ದಿನ ಪ್ರಬಂಧ ಕಳಿಸಿ.