ಪದಚರ್ಚೆ: ಹಾಟ್ ರಾಡ್ ಪಿಕಪ್ಪಿನ ಚಾಪ್, ಚಾನೆಲ್, ಸೆಕ್ಷನ್ಗೆ ಕನ್ನಡದಲ್ಲಿ ಏನಂತೀರಿ? (ಅರ್ಜೆಂಟು)

ಮಿಶಿಗನ್ನಿನವ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಕನ್ನಡಕೂಟದಲ್ಲಿ ಶನಿವಾರ ಮಕ್ಕಳ ಕೈಕೆಲಸದ ಪ್ರದರ್ಶನ ಇದೆ, ಮಗಳು 1934ರ ಫೋರ್ಡ್ ಪಿಕಪ್ಪಿನ 1/25 ಅಳತೆಯ ಪ್ಲಾಸ್ಟಿಕ್ ಕಿಟ್ಟನ್ನ ಹಾಟ್ ರಾಡ್ (ಅಂದ್ರೆ ಜೋರಾಗಿ ಓಡೋಕೆ ಅಂತ ಕುಯ್ದು ಮಾರ್ಪಡಿಸಿದ ಹಳೇ ಗಾಡಿ) ಮಾಡಿ ಇಡ್ತಿದ್ದಾಳೆ, ಪಕ್ಕದಲ್ಲೊಂದು ಕನ್ನಡ ಕಾರ್ಡು ಬೇಕು, ನಾಳೆ ಪ್ರಿಂಟಿಗೆ ಕೊಡ್ಬೇಕು. ಚಾಪ್ ಅಂದ್ರೆ ಕ್ಯಾಬಿನ್ನಿನ ಕಂಬ ಕುಯ್ದು ಮೇಲ್ಛಾವಣಿ ಕೆಳಗಿಳಿಸೋದು. ಚಾನೆಲ್ ಅಂದ್ರೆ ಕ್ಯಾಬಿನ್ನಿನ ತಳ ಕತ್ತರಿಸಿ ಇಡೀ ಬಾಡಿನೇ ಚಾಸಿ (ಗಾಡಿಯ ಅಡಿ ಚೌಕಟ್ಟು) ಪಟ್ಟಿಗಳು ಮುಚ್ಚೋ ಹಾಗೆ ಕೆಳಕ್ಕೆ ಕೂರಿಸೋದು. ಸೆಕ್ಷನ್ ಅಂದ್ರೆ ಬಾಡಿ ಮಧ್ಯದಿಂದ ಅಡ್ಡಕ್ಕೆ ಒಂದು ಪಟ್ಟಿ ತೆಗೆದು ಮೇಲಿಂದು ಕೆಳಗಿಂದು ಸೇರಿಸೋದು. ಮೂರರಲ್ಲೂ ಗಾಡಿ ಗಿಡ್ಡ ಆಗುತ್ತೆ, ಹಾಗಂತ 'ಗಿಡ್ಡ ಮಾಡಿದ್ದು' ಅಂತ ಮೂರು ಸಲ ಬರೆಯೋಕಾಗಲ್ವಲ್ಲ. ಹಾಟ್ ರಾಡ್‌ಗೂ ಏನಾದ್ರೂ ಇದ್ರೆ ಹೇಳಿ.

ಅಚ್ಚಗನ್ನಡಿಗ:
ಹಾಟ್ ರಾಡ್ = ಬಿರುಬಂಡಿ. ಬಿರುಗಾಳಿ, ಬಿರುಮಳೆ, ಬಿರುನುಡಿ ಎಲ್ಲ ಇರುವಾಗ ಬಿರುಬಂಡಿಗೇನು ಕೇಡು. ಚಾಪ್ = ತಲೆ ತಗ್ಗಿಸಿದ್ದು. 'ಮೇಲ್ಛಾವಣಿ' ದಯವಿಟ್ಟು ಬೇಡ, ಛಾವಣಿ ಅಂದಮೇಲೆ ಅದು ಮೇಲೇ ಇರುತ್ತೆ, ಆ ಮಹಾಪ್ರಾಣವೂ ನಮ್ಮದಲ್ಲ. ಸೂರು ಅನ್ನಿ.

ಹುಬ್ಬಳ್ಳಿ ಗ್ಯಾರೇಜು:
ತಲಿ ತಗ್ಗಿಸಿದ ಗಾಡಿ ಅಂದ್ರ ಏನೋ ಮಾಡಬಾರದ್ದು ಮಾಡಿ ಪೊಲೀಸ್ ಸ್ಟೇಶನ್ ಮುಂದ ನಿಂತಂಗ ಕೇಳಸ್ತೈತ್ರಿ. ಹಾಟ್ ರಾಡ್ ಅನ್ನೂದು ಸೊಕ್ಕಿನ ಗಾಡಿ, ಅದಕ್ಕ ತಲಿ ಯಾಕ ತಗ್ಗಸ್ತೀರಿ.

ವಿದ್ಯಾರ್ಥಿ ಎಂ.ಎ. ಸಂಸ್ಕೃತ:
'ಪರಿಷ್ಕೃತ ವೇಗವಾಹನ' ಎಂದರೆ ಸ್ಪಷ್ಟವಾಗಿರುತ್ತದೆ. ಪದಶಃ ಬೇಕಿದ್ದರೆ 'ತಪ್ತದಂಡ'. ಚಾಪ್‌ಗೆ 'ಶೀರ್ಷಚ್ಛೇದಿತ' ಪರಿಶೀಲಿಸಬಹುದು.

ಅಚ್ಚಗನ್ನಡಿಗ:
ತಪ್ತದಂಡ ಬರೆ ಹಾಕೋ ಸಾಮಾನು. ಶೀರ್ಷಚ್ಛೇದ ಮಾಡಿದ್ರೆ ಸೂರೇ ಇರಲ್ಲ, ಇಲ್ಲಿ ಸೂರು ಇದೆ, ಇಳಿದಿದೆ ಅಷ್ಟೇ. ಮುಂದೆ ಹೋಗಿ.

ಮಂಗಳೂರು ಬದಿ:
ನಮ್ಮಲ್ಲಿ ಮಾಡು ಅಂತೇವೆ, 'ಮಾಡು ಇಳಿಸಿದ್ದು'. ಆದ್ರೆ ಘಟ್ಟದ ಮೇಲಿನವರು 'ಮಾಡು' ಅಂದ ಕೂಡ್ಲೆ ಏನ್ ಮಾಡ್ಬೇಕು ಅಂತ ಕೇಳ್ತಾರೆ ಮಾರಾಯ್ರೆ.

ಕಿಟ್ ಕಟ್ಟುವವ, ಬೆಂಗಳೂರು:
ಪದ ಆಮೇಲೆ, ಮೊದಲು ಕೆಲಸ ನೋಡಿ. ನಿಜವಾದ ಗಾಡಿಯಲ್ಲಿ 3 ಇಂಚು ಚಾಪ್ ಅಂದ್ರೆ 1/25ರಲ್ಲಿ 3 ಮಿಲಿಮೀಟರ್ ಮೇಲೆ ಒಂಚೂರು, ಅದರಲ್ಲಿ ಗರಗಸದ ಹಲ್ಲೇ ಒಂದಿಷ್ಟು ತಿನ್ನುತ್ತೆ, ಆ ಲೆಕ್ಕ ಹಿಡೀದೆ ಕುಯ್ದ್ರೆ ಎಡಗಡೆ ಕಂಬ ಒಂದು ಎತ್ತರ ಬಲಗಡೆದು ಇನ್ನೊಂದು, ಅದಕ್ಕೇ ಕಂಬಕ್ಕೆ ಸುತ್ತ ಟೇಪ್ ಹಾಕಿ ಟೇಪಿನ ಅಂಚಿಗೇ ಕುಯ್ಯೋದು. ಕಂಬ ವಾಲಿದ್ದಷ್ಟೂ ಮೇಲಿನ ತುಂಡು ಕೆಳಗಿನದರ ಮೇಲೆ ನೆಟ್ಟಗೆ ಕೂರಲ್ಲ. ಮುಂದಿನ ಗಾಜನ್ನೂ ಬೇರೆ ಕತ್ತರಿಸ್ಬೇಕು, ಅದನ್ನ ಎಲ್ಲರೂ ಮರೀತಾರೆ. ಇನ್ನೊಂದು, ಕಾರ್ಡಲ್ಲಿ 'ಅಂಟಿಸಿದ' ಅಂತ ಬರೀಬೇಡಿ. ಈ ಕಿಟ್ಟುಗಳ ಸಿಮೆಂಟು ಗೋಂದಲ್ಲ, ಪಾಲಿಸ್ಟೈರೀನನ್ನೇ ಕರಗಿಸಿ ಎರಡನ್ನೂ ಒಂದು ಮಾಡುತ್ತೆ. 'ಬೆಸೆದ' ಅಂತ ಹಾಕಿ. ಕಿಟ್ಟಿನ ಭಾಗಗಳು ಡಬ್ಬಿಯಲ್ಲಿ ಬರುವಾಗ ಪ್ಲಾಸ್ಟಿಕ್ ಫ್ರೇಮಿಗೆ ತಗಲಿರೋ ಸಣ್ಣ ಕಾಲಿಗೆ ನಾವು ತೊಟ್ಟು ಅಂತೀವಿ.

ಅಚ್ಚಗನ್ನಡಿಗ:
ತೊಟ್ಟು ಚೆನ್ನಾಗಿದೆ. ಬೆಸೆದ ಕೂಡ. ಅಂತೂ ಒಬ್ರು ಕನ್ನಡ ಮಾತಾಡಿದ್ರು.

ಹಳಗನ್ನಡ ಮೇಷ್ಟ್ರು:
ಹಾಟ್ ರಾಡ್ ಅನ್ನೋದು ಇಂಗ್ಲಿಷಲ್ಲೇ ಇತ್ಯರ್ಥ ಆಗಿಲ್ಲ. 'ಹಾಟ್ ರೋಡ್‌ಸ್ಟರ್' ಸವೆದು ಹೀಗಾಯ್ತು ಅಂತ ಒಂದು ವಾದ, ಎಂಜಿನ್ನಿನೊಳಗಿನ ರಾಡ್ ಅಂತ ಇನ್ನೊಂದು. ಕ್ಯಾಲಿಫೋರ್ನಿಯಾದ ಒಣಕೆರೆಗಳ ಮೇಲೆ ಹಳೇ ಫೋರ್ಡುಗಳ ಮಡ್‌ಗಾರ್ಡು ಕಿತ್ತೆಸೆದು ಓಡಿಸ್ತಿದ್ದ ಹುಡುಗರು 1937ರಲ್ಲಿ ಸಂಘ ಕಟ್ಟಿಕೊಂಡ್ರು, 1948ರ ಜನವರಿಗೆ ಇದೇ ಹೆಸರಲ್ಲಿ ಪತ್ರಿಕೆ ಬಂತು. ಮೂಲದವರಿಗೇ ಜಗಳ ಇರೋ ಪದವನ್ನ ಅನುವಾದ ಮಾಡೋದು ದಂಡ, ಹಾಗೇ ಇಟ್ಕೊಳ್ಳಿ. ಬಿರುಬಂಡಿ ಬಗ್ಗೆ ಒಂದೇ ಮಾತು: ಬಂಡಿಯನ್ನ ಸಂಸ್ಕೃತದ ಭಾಂಡಕ್ಕೆ ಹೊಂದಿಸೋರಿದ್ದಾರೆ, ಅಚ್ಚಗನ್ನಡ ಅಂತ ಅಷ್ಟು ಎದೆ ತಟ್ಕೋಬೇಡಿ.

ಅಚ್ಚಗನ್ನಡಿಗ:
ಮೇಷ್ಟ್ರೇ, ತಮಿಳಿನ ವ ಕನ್ನಡದಲ್ಲಿ ಬ ಆಗುತ್ತೆ: ತಮಿಳು ವಂಡಿ ಕನ್ನಡ ಬಂಡಿ, ವಾ ಬಾ, ವಾಯ್ ಬಾಯಿ, ವೇರ್ ಬೇರು. ಇನ್ನೇನು ಬೇಕು.

ಹಳಗನ್ನಡ ಮೇಷ್ಟ್ರು:
ತಮಿಳಲ್ಲಿ ಪಂಡಿಯೂ ಇದೆ, ಆ ಪ ಭಾಂಡದ ಭ ಇರಬಹುದು. ನೋಡಿ.

ಅಚ್ಚಗನ್ನಡಿಗ:
ನೋಡಿದ್ದೀನಿ. ಒಪ್ಪಲ್ಲ.

ಹುಬ್ಬಳ್ಳಿ ಗ್ಯಾರೇಜು:
ನೀವು ಜಗಳಾಡ್ರಿ, ಆ ಹುಡುಗಿ ಕಾರ್ಡು ಖಾಲಿ ಹೋಗ್ತೈತಿ. 'ಪಿಕಪ್' ಮುಟ್ಟಬ್ಯಾಡ್ರಿ, ಎಪಿಎಂಸಿ ಯಾರ್ಡಿನ ಹಮಾಲನೂ ಪಿಕಪ್ ಅಂತಾನ. ಫೋರ್ಡ್‌ನವ್ರು 1925ರಾಗ 'ಪಿಕಪ್ ಬಾಡಿ' ಅಂತನ ಹೆಸರಿಟ್ಟು 281 ಡಾಲರಿಗೆ ಮಾರಿದ್ರು, ನಾವೂ ಲಾರಿಗೆ ಬಾಡಿ 'ಕಟ್ಟಸ್ತೀವಿ', ಹೊಲಸಂಗಿಲ್ಲ ಕೊಳ್ಳಂಗಿಲ್ಲ. ಹಂಗ ಮಾಡೆಲ್ 'ಕಟ್ಟಿದ್ದು' ಅನ್ರಿ. ಚಾನೆಲ್‌ಗೆ 'ಚಾಸಿ ಮ್ಯಾಲೆ ಇಳಿಬಿಟ್ಟದ್ದು', ಸೆಕ್ಷನ್‌ಗೆ 'ನಡು ಕೊಯ್ದದ್ದು'.

ವಿದ್ಯಾರ್ಥಿ ಎಂ.ಎ. ಸಂಸ್ಕೃತ:
ಚಾಸಿ, ಬಾಡಿ, ಪಿಕಪ್: ಮೂರೂ ಆಂಗ್ಲ. ಸಂಸ್ಕೃತ ಬಂದರೆ ಮಾತ್ರ ಗಡಿಯಲ್ಲಿ ತಪಾಸಣೆಯೇ?

ಮಂಗಳೂರು ಬದಿ:
ಚಾಸಿ ಫ್ರೆಂಚಿನಿಂದ ಬಂದದ್ದು. ಚಾವಿ ಪೋರ್ಚುಗೀಸರದ್ದು, ಕುರ್ಚಿ ಅರಬ್ಬಿ. 'ಕಾರು' ಅಂದ್ರೆ ಕನ್ನಡದಲ್ಲಿ ವಾಂತಿ ಮಾಡು ಅಂತಲೂ ಆಗ್ತದೆ, ಆದ್ರೂ ಯಾರೂ ಕಾರು ಹತ್ತಲಿಕ್ಕೆ ಹೇಸ್ಲಿಲ್ಲ. ಬಳಸಿದವನದ್ದು ಪದ.

ಅಚ್ಚಗನ್ನಡಿಗ:
ಬಳಸಿದವನದ್ದು ಅಂತ ಬಿಟ್ಟೂಬಿಟ್ಟೂ ಈಗ ಬಾಗಿಲಿಗೆ ಡೋರು, ಬಣ್ಣಕ್ಕೆ ಕಲರು. ಮಗು ಮುಂದೆ ಇರೋ ಪದಾನೂ ಕಳ್ಕೊಂಡು ನಿಂತಿದ್ದೀವಿ. ನಾನು ಹೊಸ ಸಾಮಾನಿನ ಬಗ್ಗೆ ಹೇಳ್ತಿಲ್ಲ, ಇರೋದನ್ನ ಓಡಿಸೋದರ ಬಗ್ಗೆ ಹೇಳ್ತಿದ್ದೀನಿ.

ಮಿಶಿಗನ್ನಿನವ:
ಪ್ರಿಂಟಿಗೆ ಹೋಗಿದ್ದು ಇದು: '1934ರ ಫೋರ್ಡ್ ಪಿಕಪ್, ಹಾಟ್ ರಾಡ್. ಅಳತೆ 1/25. ಸೂರು 3 ಮಿ.ಮೀ. ಇಳಿಸಿದ್ದು. ಬಾಡಿಯನ್ನು ಚಾಸಿ ಮೇಲೆ ಇಳಿಬಿಟ್ಟಿದ್ದು. ಅಚ್ಚುಗಳನ್ನು ಇನ್ನೊಂದು ಕಿಟ್ಟಿನಿಂದ ತಂದು ಬೆಸೆದದ್ದು.' ಸೆಕ್ಷನ್ ಕೈಬಿಟ್ವಿ, ಅವಳು ನಡು ಕೊಯ್ಯೋಕೆ ಒಪ್ಪಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಹಳಗನ್ನಡ ಮೇಷ್ಟ್ರು:
'ಅಚ್ಚು' ಅಂದ್ರೆ ಇಲ್ಲಿ ಗಾಲಿಯ ಅಚ್ಚೋ, ಎರಕದ ಅಚ್ಚೋ? ಗಾಲಿಯದಾದ್ರೆ ಅದು ಸಂಸ್ಕೃತದ ಅಕ್ಷ.

ಅಚ್ಚಗನ್ನಡಿಗ:
ಮತ್ತೆ ಶುರುವಾಯ್ತು. ಅದಕ್ಕೆ ಬೇರೆ ಸಬ್ಜೆಕ್ಟ್ ಹಾಕಿ, ಅಲ್ಲಿ ಬರ್ತೀನಿ.